ತೊಳೆದ ಅಡಕೊತ್ತು

ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಗಳನ್ನು ತುಂಬುವುದು ಕಷ್ಟವಾಗಲಿಲ್ಲ. ತೊಡಕಾದದ್ದು ಕೊನೆಯ ಭಾಗ. ನೀವು ಈಗ ಕಲಿಸುತ್ತಿರುವ ಒಂದು ಮಗುವಿನ ಬಗ್ಗೆ ಎರಡು ಪುಟ ಬರೆಯಿರಿ, ಅದು ಯಾರ ನೆರವೂ ಇಲ್ಲದೆ ಮಾಡಿದ ಒಂದು ಸಂಗತಿಯನ್ನು ವಿವರಿಸಿ, ನೀವು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ ಎಂದಿತ್ತು. ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ವಿಶೇಷ ಶಿಕ್ಷಣದ ಸ್ನಾತಕೋತ್ತರ ಪದವಿಗೆ ಹಾಕುತ್ತಿದ್ದ ಅರ್ಜಿ ಅದು. ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳಿಗೆ ಕಲಿಸುವುದನ್ನು ಅಲ್ಲಿ ಬೇರೆಯಾಗಿಯೇ ಹೇಳಿಕೊಡುತ್ತಾರೆ. ನಮ್ಮ ಕಡೆ ಸೇಡಂನಿಂದ ಚಿಂಚೋಳಿಯವರೆಗೆ ವಿಚಾರಿಸಿದರೂ ಆ ವಿದ್ಯೆ ಕಲಿತವರು ನನಗೆ ಒಬ್ಬರೂ ಸಿಕ್ಕಿರಲಿಲ್ಲ. ನಾನೂ ಕಲಿತವನಲ್ಲ. ಆದರೂ ಅಂಥ ಒಬ್ಬ ಹುಡುಗಿಗೆ ಕಲಿಸುತ್ತಿದ್ದೆ.

ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಮಾಡುವುದು ನನ್ನ ಕೆಲಸ. ಇದ್ದದ್ದು ವಾಡಿಯಲ್ಲಿ. ಒಂದು ದಿನ ಗುಂಡಗುರ್ತಿ, ಒಂದು ದಿನ ಚಿತ್ತಾಪುರ, ವಾರದಲ್ಲಿ ಎರಡು ದಿನ ಶಹಾಬಾದ್. ಗುಂಡಗುರ್ತಿಯ ಮಗುವಿನ ಬಿಗಿದ ಕಾಲುಗಳಿಗೆ ಯಾವ ವ್ಯಾಯಾಮ ಮಾಡಿಸಬೇಕೆಂದು ಗೊತ್ತಿತ್ತು. ಚಿತ್ತಾಪುರದ ಮಗುವಿಗೆ ಚಿತ್ರದ ಹಲಗೆ ಸಾಕಾಗುತ್ತಿತ್ತು. ಶಹಾಬಾದಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾತ್ರ, ಇವತ್ತು ಒಳಗೆ ಹೋಗಿ ಏನು ಮಾಡುವುದು ಎಂಬ ಅಳುಕು ಪ್ರತಿ ಸಲವೂ ಇರುತ್ತಿತ್ತು.

ಹುಡುಗಿಗೆ ಎಂಟೊಂಬತ್ತು ವರ್ಷ. ಹುಟ್ಟಿನಿಂದ ಕಿವಿ ಕೇಳದು. ಕಣ್ಣಿಗೆ ಬೆಳಕು ಮತ್ತು ಕತ್ತಲೆಯ ವ್ಯತ್ಯಾಸವಷ್ಟೇ ಗೊತ್ತು. ತಂದೆ ಪರ್ಸಿಗೆ, ಅಂದರೆ ಶಹಾಬಾದಿನ ನೆಲಗಲ್ಲಿಗೆ, ಪಾಲಿಶ್ ಹಾಕುವ ಯೂನಿಟ್ಟಿನಲ್ಲಿ ದುಡಿಯುತ್ತಾರೆ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಂದೆಯ ತಾಯಿಯನ್ನು ಮನೆಯವರೆಲ್ಲ ದಾದಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಹುಡುಗಿ ದಾದಿಯ ಮಗ್ಗುಲಲ್ಲೇ ಮಲಗಿ ದಾದಿಯ ಜೊತೆಗೇ ಏಳುತ್ತಿದ್ದಳು. ಹಿಂದೊಮ್ಮೆ ಯಾವುದೋ ತಪಾಸಣಾ ಶಿಬಿರದಲ್ಲಿ ವೈದ್ಯರೊಬ್ಬರು, ಇವಳಿಗೆ ಏನೂ ತಿಳಿಯುವುದಿಲ್ಲ, ಹೊಟ್ಟೆಗೆ ಹಾಕಿ ಸ್ವಚ್ಛವಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದರಂತೆ. ನಾನು ಹೋದ ಮೊದಲ ದಿನ ತಾಯಿ ಕೇಳಿದ್ದು ಒಂದೇ.

"ಓದೂದು ಬರಿಯೂದು ಬ್ಯಾಡ್ರಿ ಸರ್. ನಾವು ಯಾರು ಅಂಬೂದು ಆಕಿಗಿ ಗೊತ್ತದೋ ಇಲ್ಲೋ, ಅದೊಂದು ಹೇಳ್ರಿ ಸಾಕು."

ಅರ್ಜಿಯ ಕೊನೆಯ ಭಾಗವೂ ನನ್ನನ್ನು ಅದನ್ನೇ ಕೇಳುತ್ತಿತ್ತು.

ಇಂಥ ಮಕ್ಕಳಿಗೆ ದಿನವನ್ನು ವಸ್ತುಗಳ ಮೂಲಕ ಹೇಳಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಕೈಗೆ ಲೋಟ ಕೊಟ್ಟರೆ ಹಾಲು, ಟವೆಲ್ ಕೊಟ್ಟರೆ ಸ್ನಾನ, ಚಪ್ಪಲಿ ಕೊಟ್ಟರೆ ಹೊರಗೆ ಹೋಗುವುದು. ಮನುಷ್ಯರಿಗೂ ಒಂದೊಂದು ವಸ್ತು. ತಾಯಿಗೆ ಅಳತೆಯ ಟೇಪು, ನನಗೆ ಹಳೆಯ ಗಡಿಯಾರದ ಪಟ್ಟಿ. ದಾದಿಗೆ ಅವರ ಅಡಕೊತ್ತು. ದಾದಿ ಇಡೀ ದಿನ ಅಡಿಕೆ ಕತ್ತರಿಸುತ್ತಿದ್ದರು. ಹುಡುಗಿ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟುಕೊಂಡು, ಅಡಿಕೆ ಒಡೆಯುವ ಆ ಸಣ್ಣ ಏಟಿಗೆ ಕಾಯುತ್ತ ಕೂರುತ್ತಿದ್ದಳು. ಕೆಲಸ ಮುಗಿದ ಮೇಲೆ ದಾದಿ ಅದರ ಬಾಯಿಗೆ ದಾರ ಬಿಗಿದು ಹುಡುಗಿಯ ಕಪಾಟಿನಲ್ಲಿ ಇಡುವರು. ಆ ಕಪಾಟನ್ನು ತಂದೆ ತೆಳ್ಳನೆಯ ಪರ್ಸಿಯ ತುಂಡುಗಳಿಂದ ಖಾನೆಖಾನೆಯಾಗಿ ಮಾಡಿಕೊಟ್ಟಿದ್ದರು. ಬೆರಳಿಗೆ ತಾಗದಂತೆ ಪ್ರತಿ ಅಂಚನ್ನೂ ಉಜ್ಜಿ ದುಂಡಗೆ ಮಾಡಿದ್ದರು.

ಕಲಿಸುವಾಗ ಮಗುವಿನ ಕೈ ಹಿಡಿದು ಎಳೆಯಬಾರದು. ನಮ್ಮ ಕೈ ಅದರ ಕೈಯ ಕೆಳಗಿರಬೇಕು. ಬೇಡವಾದಾಗ ಕೈ ತೆಗೆದುಕೊಳ್ಳುವ ಸ್ವಾತಂತ್ರ್ಯ ಮಗುವಿಗೆ ಇರಬೇಕು. ಇದು ಈ ಕೆಲಸದ ಮೊದಲ ಪಾಠ, ಸಂಶಯ ಹುಟ್ಟುವ ಜಾಗವೂ ಹೌದು. ಕೆಳಗಿರುವ ಕೈ ತನಗೇ ಗೊತ್ತಿಲ್ಲದಂತೆ ದಾರಿ ತೋರಿಸಿಬಿಡುತ್ತದೆ.

ನಾನು ಮೊದಲು ಬರೆದದ್ದು ಹೀಗಿತ್ತು. ದಾದಿ ಸೇಡಂಗೆ ತಮ್ಮನ ಮನೆಯ ಮದುವೆಗೆ ಹೋಗಿದ್ದ ಒಂದು ಬೆಳಿಗ್ಗೆ ಹುಡುಗಿ ತಾನಾಗಿ ಕಪಾಟಿಗೆ ಬಂದಳು, ಲೋಟವನ್ನು ದಾಟಿದಳು, ಟೇಪನ್ನು ದಾಟಿದಳು, ಅಡಕೊತ್ತನ್ನು ಎತ್ತಿ ನನ್ನ ಕಡೆ ಹಿಡಿದಳು. ದಾದಿ ಎಲ್ಲಿ ಎಂದು ಕೇಳಿದಳು.

ಬರೆದಾಗ ಖುಷಿಯಾಗಿತ್ತು. ಮರುದಿನ ಓದಿದಾಗ ಇರಸುಮುರಸಾಯಿತು. ಎಲ್ಲವೂ ತೀರ ಸ್ಪಷ್ಟವಾಗಿತ್ತು. ಬಾಗಿಲಿಂದ ಬಿದ್ದ ಬೆಳಕು, ಅದರಲ್ಲಿ ಆಡುತ್ತಿದ್ದ ಕಲ್ಲಿನ ಧೂಳು ಕೂಡ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ ಊರೂರು ತಿರುಗಿ ಜನರ ಸಂದರ್ಶನ ಮಾಡಲು ನಮ್ಮನ್ನು ಕಳಿಸುತ್ತಿದ್ದರು. ತಮ್ಮ ನೆನಪನ್ನು ಅತಿ ಖಚಿತವಾಗಿ ಹೇಳುವವರನ್ನು ಎರಡನೆಯ ಸಲ ಕೇಳಬೇಕೆಂದು ಆಗ ಕಲಿತಿದ್ದೆ. ಈಗ ಎರಡನೆಯ ಸಲ ಕೇಳಬೇಕಾದವನು ನಾನೇ. ಅಷ್ಟನ್ನೂ ಹುಡುಗಿಯ ತಾಯಿಗೆ ಓದಿ ಹೇಳಿದೆ.

"ಛಲೋ ಬರದೀರಿ ಸರ್. ಆದ್ರ ಅವತ್ತ ನಿಮ್ಮ ಕೈ ಆಕಿ ಕೈ ಕೆಳಗ ಇತ್ತಲ್ರಿ."

"ಇಲ್ಲ ಅಕ್ಕ. ನಾ ಗ್ವಾಡಿಗಿ ಕುಂತಿದ್ದೆ."

"ಗ್ವಾಡಿಗಿ ಕುಂತಿದ್ದು ಆಮ್ಯಾಲ, ಚಾ ಕುಡಿಲಿಕ್ಕ. ಮೊದಲ ಆಕಿ ಬಾಜೂಕ ಇದ್ರಿ."

ಅಡಿಕೆ ಕತ್ತರಿಸುತ್ತಿದ್ದ ದಾದಿ ತಲೆ ಎತ್ತದೆ ಹೇಳಿದರು, "ಇಬ್ರೂ ಭೇಷ್ ಜಗಳ ಆಡ್ರಿ. ನಾ ಅಂತೂ ಊರಾಗೇ ಇದ್ದಿಲ್ಲ, ನನ್ನ ಸಾಕ್ಷಿ ಕರಿಬ್ಯಾಡ್ರಿ."

ಯಾರ ನೆನಪು ಸರಿ ಎಂದು ತೀರ್ಮಾನಿಸಲು ದಾರಿ ಇರಲಿಲ್ಲ. ಹಾಗಾಗಿ ಪರೀಕ್ಷೆಯನ್ನೇ ಮಾಡೋಣ ಎಂದುಕೊಂಡೆ. ಹುಡುಗಿಯ ಪಕ್ಕದಲ್ಲಿ ಕೂರುವವರಿಗೆ ಯಾವ ವಸ್ತು ಯಾವ ಖಾನೆಯಲ್ಲಿದೆ ಎಂಬುದು ಗೊತ್ತಿರಬಾರದು. ತಾಯಿ ಹೊರಗಿದ್ದಾಗ ನಾನು ವಸ್ತುಗಳ ಜಾಗ ಬದಲಿಸಿ ಅಂಗಳಕ್ಕೆ ಹೋಗುವುದು. ಆಮೇಲೆ ತಾಯಿ ಒಳಗೆ ಬಂದು, ತಮ್ಮ ಕೈಗಳನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಪಕ್ಕದಲ್ಲಿ ಕೂರುವುದು. ದಾದಿ ನೆರೆಮನೆಗೆ. ಯಾರು ಬೇಕು ಎಂಬ ಪ್ರಶ್ನೆಗೆ ನಾವು ಇಟ್ಟುಕೊಂಡಿದ್ದ ಗುರುತು ಭುಜದ ಮೇಲೆ ಎರಡು ಸಲ ತಟ್ಟುವುದು. ತಾಯಿ ಅಷ್ಟು ಮಾಡಿ ಸುಮ್ಮನಿರಬೇಕು. ನಾನು ಕಿಟಕಿಯಿಂದ ನೋಡಬೇಕು.

ಹುಡುಗಿ ಎಡತುದಿಯ ಖಾನೆಗೆ ಕೈ ಹಾಕಿ ಸಿಕ್ಕದ್ದನ್ನು ಎತ್ತಿದಳು. ಲೋಟ. ಜಾಗ ಬದಲಿಸಿದೆ. ಮತ್ತೆ ಎಡತುದಿ, ಈ ಸಲ ಟೇಪು. ಅವತ್ತು ಎಷ್ಟು ಸಲ ಮಾಡಿದರೂ ಅದೇ. ಅಡಕೊತ್ತು ಎಡಕ್ಕಿದ್ದಾಗ ಅಡಕೊತ್ತು ಬಂತು, ಇಲ್ಲದಾಗ ಇಲ್ಲ. ಎತ್ತಿದ್ದನ್ನೆಲ್ಲ ಒಮ್ಮೆ ಮೂಗಿನ ಹತ್ತಿರ ಒಯ್ದು ನೆಲಕ್ಕೆ ಹಾಕುತ್ತಿದ್ದಳು.

"ಅರ್ಜಿ ನಿಮ್ದು, ಪರೀಕ್ಷಾ ನಿಮ್ದು," ಎಂದರು ದಾದಿ. "ನನ್ನ ಮೊಮ್ಮಗಳಿಗ್ಯಾಕ ಫೇಲ್ ಮಾಡಾಕತ್ತೀರಿ ಮಾಸ್ತರ?"

"ಫೇಲ್ ಪಾಸ್ ಅಲ್ರಿ ದಾದಿ. ಆಕಿಗಿ ನೀವು ಗೊತ್ತದೀರೇನು ಅಂತ ನೋಡಾಕತ್ತೀನಿ."

"ನನ್ನ ಬಾಜೂಕ ಹಾಕಿದ್ರ ಆರಾಮ ಮಕ್ಕೋತಾಳ. ಅವರವ್ವನ ಬಾಜೂಕ ಹಾಕಿದ್ರ ಒದಿತಾಳ. ಸೊಸಿಗಿ ಕೇಳ್ರಿ, ಡುಬ್ಬದ ಮ್ಯಾಲ ಕರ್ರಗ ಆಗ್ಯದ."

ತಾಯಿ ನಕ್ಕರು. ನಾನೂ ನಕ್ಕೆ. ಆದರೆ ಅದನ್ನು ಬರೆದುಕೊಳ್ಳಲಿಲ್ಲ. ರೂಢಿಯಾದ ಮಗ್ಗುಲು ಬೇರೆ, ಒಬ್ಬ ವ್ಯಕ್ತಿಯನ್ನು ಗುರುತಿಸುವುದು ಬೇರೆ ಎಂಬ ವಾದ ನನ್ನ ತಲೆಯಲ್ಲಿ ಸಿದ್ಧವಿತ್ತು. ಎರಡನೆಯ ಸಲ ಬರೆದದ್ದರಲ್ಲಿ, ಈ ಮಗು ಮನುಷ್ಯರನ್ನು ವಸ್ತುವಿನ ಮೂಲಕ ಗುರುತಿಸುತ್ತದೆ ಎನ್ನಲು ಸದ್ಯಕ್ಕೆ ಆಧಾರವಿಲ್ಲ ಎಂದು ಬರೆದೆ. ತಾಯಿ ಕೇಳಿದಾಗ, ಇನ್ನೂ ಹೇಳಲಿಕ್ಕೆ ಬರುವುದಿಲ್ಲ ಎಂದೆ. ಅವರು ಹಲ್ಲಿನಿಂದ ದಾರ ಕಡಿದು ಮುಂದಿನ ಬಟ್ಟೆ ತೆಗೆದುಕೊಂಡರು.

ಅದಾದ ಸ್ವಲ್ಪ ದಿನಕ್ಕೆ ದಾದಿ ತೀರಿಕೊಂಡರು. ಬೆಳಗಿನ ನಮಾಜಿಗೆ ಎದ್ದವರು ಜಾನಮಾಜಿನ ಚಾಪೆಯ ಮೇಲೆಯೇ ಒರಗಿದರಂತೆ. ಹುಡುಗಿಯ ತಂದೆ ಫೋನ್ ಮಾಡಿದಾಗ ನಾನು ಗುಂಡಗುರ್ತಿಯಲ್ಲಿದ್ದೆ. ಶಹಾಬಾದ್ ಮುಟ್ಟುವಷ್ಟರಲ್ಲಿ ಗಂಡಸರು ಖಬರಸ್ತಾನದಿಂದ ಮರಳುತ್ತಿದ್ದರು. ಹುಡುಗಿಯನ್ನು ಬೆಳಿಗ್ಗೆಯೇ ನೆರೆಮನೆಯಲ್ಲಿ ಬಿಟ್ಟಿದ್ದರು. ದಾದಿಯ ದೇಹಕ್ಕೆ ಸ್ನಾನ ಮಾಡಿಸುವಾಗ, ಹೊದಿಸುವಾಗ, ಎತ್ತುವಾಗ ಅವಳು ಅಲ್ಲಿರಲಿಲ್ಲ.

"ಆಕಿಗೇನ್ ತಿಳಿತದ, ಸುಮ್ನ ಕಾಲಾಗ ಸಿಗ್ತಾಳ ಅಂದ್ರು ಎಲ್ಲಾರೂ," ಎಂದರು ತಾಯಿ. "ನಾನೂ ಹೂಂ ಅಂದೆ."

ನಾನು ಅಲ್ಲಿದ್ದರೆ ಬೇರೆ ಹೇಳುತ್ತಿದ್ದೆನೇ? ಕೈಗೆ ಕೈ ಮುಟ್ಟಿಸಿ, ದಾದಿಯ ಕೈ ತಣ್ಣಗಾದದ್ದು ಅವಳಿಗೆ ಗೊತ್ತಾಗಲಿ ಎನ್ನುತ್ತಿದ್ದೆನೇ? ಆಧಾರವಿಲ್ಲ ಎಂದು ಬರೆದಿಟ್ಟಿದ್ದವನು ನಾನು.

ಆ ದಿನಗಳಲ್ಲಿ ಹುಡುಗಿ ಬೆಳಿಗ್ಗೆ ಎದ್ದು ಕಪಾಟಿಗೆ ಹೋಗಿ ಅಡಕೊತ್ತು ತೆಗೆದುಕೊಂಡು, ದಾದಿಯ ಹಾಸಿಗೆ ಇರುತ್ತಿದ್ದ ಗೋಡೆಯ ಮೂಲೆಗೆ ಹೋಗಿ ಕೂರುತ್ತಿದ್ದಳಂತೆ. ತಾಯಿ ಅದನ್ನು ಆಟ ಎಂದುಕೊಂಡಿದ್ದರು. ನಾನು ಹೋದ ದಿನಗಳಲ್ಲಿ ಅವಳು ಅಲ್ಲಿ ಕೂತಿದ್ದನ್ನು ಕಂಡೆ, ಕೈಯಲ್ಲಿ ಅಡಕೊತ್ತನ್ನೂ ಕಂಡೆ. ಅದನ್ನು ತಾನಾಗಿ ಹೋಗಿ ತಂದದ್ದನ್ನು ಕಾಣಲಿಲ್ಲ. ಕಲಬುರಗಿಯಲ್ಲಿ ನಮಗೆ ತರಬೇತಿ ಕೊಟ್ಟ ಮೇಡಂಗೆ ಫೋನ್ ಮಾಡಿ ಕೇಳಿದೆ. ಅದನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ, ಅವಳ ಕೈಯಲ್ಲೇ ಇರಲಿ ಎಂದರು.

ನಲವತ್ತನೆಯ ದಿನ ಬಂತು. ಐನಾಪುರದಿಂದ ದಾದಿಯ ತಂಗಿ, ಇತರ ಬಳಗ, ಎಲ್ಲರೂ ಸೇರಿದ್ದರು. ಪದ್ಧತಿಯಂತೆ ದಾದಿಯ ಬಟ್ಟೆ, ಶಾಲು, ಹಾಸಿಗೆಗಳನ್ನು ಬಡವರಿಗೆ ಕೊಟ್ಟರು. ಮನೆ ತೊಳೆದರು, ಪಾತ್ರೆ ಪಗಡ ಬೆಳಗಿದರು. ಅಡಕೊತ್ತನ್ನು ದಾದಿಯ ತಂಗಿ ನೆನಪಿಗೆ ಕೇಳಿದರಂತೆ. ತಾಯಿ ಕೊಡಲಿಲ್ಲ, ಅದು ನಮ್ಮ ಹುಡುಗಿಯ ಪುಸ್ತಕ ಎಂದರಂತೆ. ಆದರೆ ಅಂಥ ದಿನ ಮನೆಯಲ್ಲಿ ಯಾವುದೂ ಕೊಳೆಯಾಗಿ ಇರಬಾರದು. ಅದನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರು. ವರ್ಷಗಳಿಂದ ಕಪ್ಪಾಗಿದ್ದ ಹಿತ್ತಾಳೆಯ ಹಿಡಿಕೆ ಹಳದಿಯಾಗಿ ಹೊಳೆಯಿತು. ಅತ್ತೆಯ ವಸ್ತುವಿಗೆ ಸೊಸೆ ಸಲ್ಲಿಸಬಹುದಾದ ಮರ್ಯಾದೆ ಅದು. ಒರೆಸಿ, ಹೊಸ ದಾರ ಬಿಗಿದು ಖಾನೆಯಲ್ಲಿಟ್ಟರು.

ಮುಂದಿನದನ್ನು ನಾನು ನೆನಪಿನಲ್ಲಿ ಇಟ್ಟುಕೊಂಡಿರುವುದು ಹೀಗೆ. ನಾನು ಹೊಸ್ತಿಲಲ್ಲಿ ಕೂತಿದ್ದೇನೆ. ಹುಡುಗಿ ಬಂದು ಅಡಕೊತ್ತು ಎತ್ತುತ್ತಾಳೆ. ಮೂಗಿಗೆ ಒಯ್ಯುತ್ತಾಳೆ, ಕೆನ್ನೆಗೆ ಒತ್ತುತ್ತಾಳೆ, ಮತ್ತೆ ಮೂಗಿಗೆ. ನಂತರ ಅದನ್ನು ಅದರ ಖಾನೆಯಲ್ಲಿ ಮೆಲ್ಲಗೆ ವಾಪಸ್ ಇಡುತ್ತಾಳೆ. ಎಸೆಯುವುದಿಲ್ಲ. ಉಳಿದ ಖಾನೆಗಳನ್ನು ಒಂದೊಂದಾಗಿ, ಮೂಲೆಯವರೆಗೂ ಬೆರಳು ಹಾಕಿ ಹುಡುಕುತ್ತಾಳೆ. ಎಲ್ಲ ಮುಗಿದ ಮೇಲೆ ಮೊದಲಿಂದ ಮತ್ತೊಮ್ಮೆ. ಕಪಾಟಿನ ಹಿಂದೆ, ಕೆಳಗೆ. ಬರಿಗೈಯಲ್ಲಿ ಆ ಮೂಲೆಗೆ ಹೋಗಿ, ಹಾಸಿಗೆಯಿಲ್ಲದ ನೆಲವನ್ನು ಎರಡೂ ಕೈಯಿಂದ ಸವರಿ, ಬಾಯಿ ತೆರೆದು ಅಳುತ್ತಾಳೆ. ತನ್ನ ದನಿ ತನಗೇ ಕೇಳದ ಮಗುವಿನ ಅಳು ಅದು, ಅದಕ್ಕೆ ಏರಿಳಿತವಿಲ್ಲ.

ಇದನ್ನೇ ಮೂರನೆಯ ಸಲ ಬರೆದೆ. ನನಗೆ ಬೇಕಾಗಿದ್ದ ಸಾಕ್ಷ್ಯ ಇದೇ ಆಗಿತ್ತು. ಯಾರ ಕೈಯೂ ಕೆಳಗಿರಲಿಲ್ಲ, ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಆಕಾರ ಅದೇ, ತೂಕ ಅದೇ, ಆದರೂ ಇದು ದಾದಿಯಲ್ಲ ಎಂದು ಅವಳೇ ಹೇಳಿದ್ದಳು. ಓದಿ ಹೇಳಲು ಶಹಾಬಾದಿಗೆ ಹೋದೆ. ಮನೆಯಲ್ಲಿ ತಾಯಿ, ಹುಡುಗಿ ಇಬ್ಬರೇ ಇದ್ದರು.

ತಾಯಿ ಪೂರ್ತಿ ಕೇಳಿದರು. "ಎಲ್ಲಾ ಖರೇನೇ ಅದ ಸರ್. ಆದ್ರ ನೀವು ಅವತ್ತ ಇದ್ದಿಲ್ಲ."

"ನಾ ನೋಡೀನಿ ಅಕ್ಕ. ಹೊಸ್ತಿಲದಾಗ ಕುಂತಿದ್ದೆ."

"ಹೊಸ್ತಿಲದಾಗ ಐನಾಪುರದ ಚಿಕ್ಕಿ ಕುಂತಿದ್ರು, ಕಾಲು ಚಾಚಿ. ನೀವು ಮರುದಿನ ಬಂದ್ರಿ. ನಾ ಮಾಡಿ ತೋರ್ಸಿ ಹೇಳಿದ್ನೆಲ್ಲ, ಹಿಂಗ ಎತ್ತಿದ್ಳು, ಹಿಂಗ ಮೂಗಿಗಿ ಹಿಡದ್ಳು ಅಂತ."

ಅವರು ಕೈಯನ್ನು ಮೂಗಿನ ಹತ್ತಿರ ಒಯ್ದು ತೋರಿಸಿದರು. ಆ ಚಲನೆ ನನಗೆ ಚೆನ್ನಾಗಿ ಗೊತ್ತಿತ್ತು. ಯಾರ ಕೈ ಅದನ್ನು ಮಾಡುವುದನ್ನು ಕಂಡಿದ್ದೆ ಎಂಬುದು ಮಾತ್ರ ಆ ಕ್ಷಣದಿಂದ ತಿಳಿಯದಾಯಿತು.

"ಇನ್ನೊಂದು ಮಾತು," ಎಂದರು ತಾಯಿ. "ನಿಮ್ಮ ಪರೀಕ್ಷಾದಾಗ ಫೇಲ್ ಆಗಿದ್ಳಲ್ಲ. ಅವತ್ತ ನೀವೂ ಎಲ್ಲಾ ಸಾಮಾನಿಗಿ ಸಾಬೂನ ಹಚ್ಚಿ ತೊಳದಿದ್ರಿ."

"ನಾನೇನು?"

"ಮತ್ತ್ಯಾರು? ನಾನಾ ನೀರು ಹಾಕೀನಿ. ನಮ್ಮತ್ತಿ ನಗ್ತಿದ್ರು, ಮಾಸ್ತರ ಭಾಂಡಿ ತಿಕ್ಕೂದು ನೋಡು ಅಂತ."

ತೊಳೆದದ್ದು ನನಗೆ ನೆನಪಿಲ್ಲ. ಪರೀಕ್ಷೆಗೆ ಮೊದಲು, ಬೇರೆ ಸುಳಿವುಗಳನ್ನೆಲ್ಲ ತೆಗೆದುಹಾಕಬೇಕು, ವಾಸನೆಯೂ ಒಂದು ಸುಳಿವು ಎಂದು ಓದಿದ್ದು ನೆನಪಿದೆ. ಅಂಗಳದ ಬಿಸಿಲಲ್ಲಿ ಟವೆಲ್ಲಿನ ಮೇಲೆ ಒದ್ದೆ ಸಾಮಾನು ಹರಡಿದ್ದೂ ನೆನಪಿದೆ. ಅವೆರಡರ ನಡುವೆ ನನ್ನ ಕೈಗಳು ಇಲ್ಲ. ತಾಯಿ ಹೇಳಿದ್ದು ನಿಜವಾಗಿದ್ದರೆ, ಹುಡುಗಿ ಓದುತ್ತಿದ್ದ ಅಕ್ಷರಗಳನ್ನೇ ಅಳಿಸಿ, ಓದು ನೋಡೋಣ ಎಂದಂತಾಗಿತ್ತು. ಆಗ ದಾದಿ ಇದ್ದರು. ಮತ್ತೆ ಬಳಸಿ ಬಳಸಿ ಆ ವಾಸನೆಯನ್ನು ಅಡಕೊತ್ತಿಗೆ ತಿರುಗಿ ಕೊಟ್ಟಿದ್ದರು. ಈಗ ಕೊಡುವವರಿಲ್ಲ.

ತಾಯಿ ಹೊಲಿಗೆಯ ಮಷೀನಿನ ಮೇಲೆ ಕೈಯಿಟ್ಟು ಕೂತಿದ್ದರು.

"ಆಕಿಗಿ ಎಲ್ಲಾ ಗೊತ್ತಿತ್ತಲ್ರಿ ಸರ್."

"ಹಂಗ ಕಾಣ್ತದ."

"ಏನೂ ತಿಳಿಯಂಗಿಲ್ಲ ಅಂತ ಇದ್ದಾಗ ಒಂದ್ ಸಮಾಧಾನ ಇತ್ತು. ದಾದಿ ಹೋಗಿದ್ದೂ ತಿಳಿಯಂಗಿಲ್ಲ ಬಿಡು, ಅಂತ. ಈಗ ಏನ್ ಮಾಡ್ಲಿ? ತಿಕ್ಕಿದ್ದು ನಾನು."

ಕೊಟ್ಟುಬಿಟ್ಟಿದ್ದ ಶಾಲನ್ನು ಕೇಳಿಕೊಂಡು ತಂದೆ ಹೋಗಿ ಬಂದರು. ತೆಗೆದುಕೊಂಡವರು ಅದನ್ನು ಒಗೆದುಬಿಟ್ಟಿದ್ದರು. ತಂದೆ ಅಡಕೊತ್ತಿಗೆ ಅಡಿಕೆ, ಸುಣ್ಣ, ಜರ್ದಾ ಎಲ್ಲ ಹಚ್ಚಿ ನೋಡಿದರು. ಹುಡುಗಿ ಮೂಸಿ ಇಟ್ಟಳು. ಅಂಗಡಿಯ ಅಡಿಕೆಯ ವಾಸನೆ ಮತ್ತು ದಾದಿಯ ವಾಸನೆ ಅವಳಿಗೆ ಒಂದೇ ಆಗಿರಲಿಲ್ಲ. ಒಂದು ಶುಕ್ರವಾರ ತಂದೆ ಅವಳನ್ನು ಖಬರಸ್ತಾನಕ್ಕೆ ಕರೆದೊಯ್ದು ಮಣ್ಣು ಮುಟ್ಟಿಸಿದರು. ಅವಳು ಸ್ವಲ್ಪ ಹೊತ್ತು ಮಣ್ಣಿನಲ್ಲಿ ಆಡಿ, ಬಿಸಿಲಿಗೆ ಬೇಸತ್ತು ಅವರ ಅಂಗಿ ಹಿಡಿದು ಎಳೆದಳು. "ಅಲ್ಲಿ ಏನದ್ರಿ, ಬರೇ ಮಣ್ಣು," ಎಂದರು ನನಗೆ. ಮನೆಯಲ್ಲಿ ಅವಳು ಹುಡುಕುವುದನ್ನು ನಿಲ್ಲಿಸಿರಲಿಲ್ಲ. ಪ್ರತಿ ಬೆಳಿಗ್ಗೆ ಕಪಾಟು, ಆಮೇಲೆ ಆ ಮೂಲೆ. ಸತ್ತದ್ದನ್ನು ಹೇಳುವುದಕ್ಕೆ ನಮ್ಮ ಹತ್ತಿರ ವಸ್ತುವಿರಲಿಲ್ಲ. ಹೇಗೆ ಹೇಳಬೇಕೆಂದು ಕಲಿಯಲೆಂದೇ ಅರ್ಜಿ ಹಾಕುತ್ತಿದ್ದೆ, ಅದೂ ಈಗ ತಡವಾಗಿತ್ತು.

ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಮತ್ತೆ ಮೇಡಂಗೆ ಫೋನ್ ಮಾಡಿದೆ.

"ನೋಡೀನಿ ಅಂತ ಬರೀರಿ," ಎಂದರು ಅವರು. "ಯಾರ್ ಬಂದು ಕೇಳ್ತಾರ? ನಡದಿದ್ದು ಖರೆ ಅದಲ್ಲ."

"ನಾ ನೋಡಿದ್ದು ಖರೆನೋ ಅಲ್ಲೋ ಗೊತ್ತಿಲ್ರಿ ಮೇಡಂ."

"ನಿಮ್ಮ ಈ ಗುಣಕ್ಕ ನಿಮ್ಮನ್ನ ಯಾರೂ ತಗೊಳ್ಳಂಗಿಲ್ಲ ನೋಡ್ರಿ."

ಎರಡು ದಿನ ಏನೂ ಬರೆಯಲಿಲ್ಲ. ಕೊನೆಗೆ ಮೂರನೆಯ ಪ್ರತಿಯನ್ನೂ ಬದಿಗಿಟ್ಟು ಹೊಸದಾಗಿ ಬರೆದೆ. ಇದನ್ನು ಕಂಡವರು ತಾಯಿ, ನಾನಲ್ಲದಿರಬಹುದು ಎಂದು ಮೊದಲ ಸಾಲಿನಲ್ಲೇ ಹೇಳಿದೆ. ತಾಯಿಯ ಮಾತನ್ನು ಅವರು ಹೇಳಿದಂತೆಯೇ ಇಟ್ಟೆ. ನನ್ನ ಪರೀಕ್ಷೆ ವಿಫಲವಾದದ್ದನ್ನು, ನಾನು ವಸ್ತುಗಳನ್ನು ತೊಳೆದಿದ್ದೆನಂತೆ ಎಂಬುದನ್ನು, ಅದು ನನಗೆ ನೆನಪಿಲ್ಲ ಎಂಬುದನ್ನು ಬರೆದೆ. ಕಣ್ಣಾರೆ ಕಂಡದ್ದು ಎಂದು ಒಂದೇ ಸಂಗತಿ ಸೇರಿಸಿದೆ: ಗೋಡೆಯ ಮೂಲೆಯಲ್ಲಿ ಅವಳು ಕೂತಿರುವುದು.

ಬರೆದದ್ದನ್ನು ಮಗುವಿನ ಪೋಷಕರು ಕೇಳಿ ಒಪ್ಪಬೇಕಿತ್ತು. ತಾಯಿ ಒಂದು ಕಡೆ ತಡೆದರು.

"ವಾಸನಿ ಅಂತ ಬರೀಬ್ಯಾಡ್ರಿ. ಓದಿದವರು ಏನಂದಾರು? ನಮ್ಮತ್ತಿ ಭಾಳ ಸ್ವಚ್ಛ ಇದ್ರು."

"ಮತ್ತ ಏನ್ ಬರೀಲಿ ಅಕ್ಕ?"

ಅವರು ಯೋಚಿಸಿದರು. "ಖುಷ್ಬೂ ಅಂತ ಬರೀರಿ."

ಹಾಗೆಯೇ ಬರೆದೆ.

ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಮೂವರಿದ್ದರು. ಅವರಲ್ಲಿ ಹಿರಿಯ ಮಹಿಳೆಯೊಬ್ಬರು ಮಾತ್ರ ನನ್ನ ಎರಡು ಪುಟ ಓದಿದಂತಿತ್ತು. ನೀವು ಕಂಡಿಲ್ಲ ಎಂದಾದರೆ ನಂಬುವುದು ಯಾಕೆ ಎಂದು ಕೇಳಿದರು. ತಾಯಿಗೆ ಇದರಿಂದ ದುಃಖವೇ ಹೊರತು ಲಾಭವಿಲ್ಲ, ಅದಕ್ಕೆ ನಂಬುತ್ತೇನೆ ಎಂದೆ. ಹುಡುಗಿ ಈಗ ಹೇಗಿದ್ದಾಳೆ ಎಂದರು. ಇನ್ನೂ ಹುಡುಕುತ್ತಿದ್ದಾಳೆ ಎಂದೆ. ಅವರು ಆ ಪುಟಗಳನ್ನು ಮಡಚಿ ಬದಿಗಿಟ್ಟರು. ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಯಾರೋ ಬಿಟ್ಟ ಸೀಟಿಗೆ ಆಮೇಲೆ ಕರೆ ಬಂತು.

ಸುದ್ದಿ ಹೇಳಲು ಶಹಾಬಾದಿಗೆ ಹೋದಾಗ ತಾಯಿ ಚಹಾ ಮಾಡಿದರು. ಎರಡು ವರ್ಷದ ಓದು, ನಡುವೆ ರಜೆಗೆ ಬರುತ್ತೇನೆ, ಬೇರೆ ಶಿಕ್ಷಕರು ವಾರಕ್ಕೊಮ್ಮೆಯಾದರೂ ಬರುವಂತೆ ಕೇಳಿದ್ದೇನೆ ಎಂದೆ. ಅದನ್ನೆಲ್ಲ ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹೋಗ್ರಿ ಸರ್, ಕಲ್ತು ಬರ್ರಿ. ಆದ್ರ ಆಕಿಗಿ ಹೇಳಿ ಹೋಗ್ರಿ."

"ಹ್ಯಾಂಗ ಹೇಳಬೇಕಂತ ನನಗ ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲಂದ್ರ ನಡಿಯಂಗಿಲ್ಲ. ಅತ್ತೀನ ಎತಗೊಂಡ್ ಹೋಗುವಾಗ ಇಕಿನ್ನ ಬಾಜೂ ಮನ್ಯಾಗ ಇಟ್ವಿ. ಹಂಗಂತೇ ಇನ್ನಾ ಹುಡಕಾಕತ್ತಾಳ. ನೀವು ಹೋಗೂದು ಆಕಿ ಕೈಯಾಗ ತಿಳಿಬೇಕು." ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದರು. "ಟೇಶನಕ್ಕ ಕರ್ಕೊಂಡ್ ಬರ್ತೀವಿ."

ಅವಳು ರೈಲ್ವೆ ಸ್ಟೇಷನ್ ಮುಟ್ಟಿದವಳೇ ಅಲ್ಲ. ಜನರ ನೂಕುನುಗ್ಗಲಿಗೆ, ನೆಲದ ನಡುಕಕ್ಕೆ ಹೆದರಬಹುದು, ಬೇಡ ಎಂದೆ. ತಾಯಿ ಕೇಳಲಿಲ್ಲ.

ನಾನು ಹೊರಟ ದಿನ ಮೂವರೂ ವಾಡಿ ಜಂಕ್ಷನ್ನಿಗೆ ಬಂದರು. ನಾನು ಹುಡುಗಿಯ ಪಕ್ಕ ನೆಲದ ಮೇಲೆಯೇ ಕೂತೆ. ಗಾಡಿ ಬರುವಾಗ ಪ್ಲಾಟ್‌ಫಾರ್ಮಿನ ಕಲ್ಲು ನಡುಗಿತು. ಅವಳು ಅಂಗೈಯನ್ನು ನೆಲಕ್ಕೊತ್ತಿ ಅಲುಗದೆ ಕೂತಳು. ಹೆದರಲಿಲ್ಲ. ಗಾಡಿ ನಿಂತ ಮೇಲೆ ನನ್ನ ಕೈಯ ಮೇಲೆ ಅವಳ ಕೈಯಿಟ್ಟುಕೊಂಡು ನನ್ನ ಚೀಲ ಮುಟ್ಟಿಸಿದೆ, ಬೋಗಿಯ ಮೆಟ್ಟಿಲು, ಬಾಗಿಲ ಪಕ್ಕದ ಕಬ್ಬಿಣದ ಹಿಡಿಕೆ, ನನ್ನ ಸೀಟಿನ ಕಿಟಕಿ. ಎಲ್ಲವನ್ನೂ ಮುಟ್ಟಿದಳು. ನಂತರ ನಾನೊಬ್ಬನೇ ಒಳಗೆ ಹೋಗಿ ಕಿಟಕಿಯಿಂದ ಅವಳ ಬೆರಳು ಹಿಡಿದೆ. ತಂದೆ ಅವಳನ್ನು ಎತ್ತಿಕೊಂಡಿದ್ದರು.

ಗಾಡಿ ಜಗ್ಗಿತು. ತಂದೆ ನಾಲ್ಕು ಹೆಜ್ಜೆ ಜೊತೆಗೇ ನಡೆದರು. ಅವಳ ಬೆರಳು ನನ್ನ ಬೆರಳಿನಲ್ಲಿ ಮೊದಲು ಬಿಗಿಯಾಗಿ, ಆಮೇಲೆ ತುದಿಯಲ್ಲಿ, ಆಮೇಲೆ ಇಲ್ಲ. ನಿಂತ ತಂದೆಯ ತೋಳಿನಲ್ಲಿ ಅವಳು ಕೈಯನ್ನು ಗಾಳಿಯಲ್ಲಿ ಚಾಚಿಯೇ ಇದ್ದಳು. ಕೊನೆಯ ಬೋಗಿಗಳು ಅವಳನ್ನು ದಾಟುವಾಗ ಏನು ಮಾಡಿದಳೋ ಕಾಣಲಿಲ್ಲ. ನಾನು ತಿರುವಿನ ಆಚೆ ಹೋಗಿದ್ದೆ.

ವಾರ ಕಳೆದ ಮೇಲೆ ಹೈದರಾಬಾದಿನ ಹಾಸ್ಟೆಲಿನಿಂದ ಫೋನ್ ಮಾಡಿದೆ. ತಾಯಿ ಎತ್ತಿದರು. ಮಷೀನಿನ ಸದ್ದು ನಿಂತಿತು.

"ನೀವು ಬರೂ ದಿನ ಬಂತು ಸರ್. ಆಕಿ ಬಾಗಿಲಕ ಹೋಗ್ಲಿಲ್ಲ. ಮರುದಿನಾನೂ ಇಲ್ಲ. ನಿಮ್ಮನ್ನ ಹುಡುಕ್ಲಿಲ್ರಿ."

ನಾನು ಹೋದದ್ದು ತಿಳಿದಿದ್ದರೆ ಹುಡುಕುವುದಿಲ್ಲ. ನಾನು ಅಷ್ಟು ದಿನ ಬರುತ್ತಿದ್ದದ್ದೇ ತಿಳಿದಿರದಿದ್ದರೂ ಹುಡುಕುವುದಿಲ್ಲ. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಯಾವುದು ಎಂದು ತಲೆ ತನ್ನಷ್ಟಕ್ಕೆ ಹುಡುಕತೊಡಗಿತ್ತು.

"ತಿಳದದಲ್ರಿ ಆಕಿಗಿ?" ಎಂದರು ತಾಯಿ. "ಸರ್?"

"ಹೌದು ಅಕ್ಕ," ಎಂದೆ. "ತಿಳದದ."